ಅರಿಶಿನದ ಡಬ್ಬಿಯೂ ನಮ್ಮ ನಾಚಿಕೆಯೂ

ಡೊಂಬಿವಲಿ, ಕಲ್ಯಾಣದ ನಮ್ಮ ಮನೆಗಳಲ್ಲಿ ಅರುವತ್ತು ದಾಟಿದ ಗಂಡಸರು ಮೂತ್ರಕ್ಕಾಗಿ ರಾತ್ರಿ ನಾಲ್ಕು ಸಲ ಏಳುವಂತಾದರೆ ಮೊದಲು ಹುಡುಕುವುದು ಡಾಕ್ಟರರನ್ನಲ್ಲ, ಅಡುಗೆಮನೆಯ ಡಬ್ಬಿಯನ್ನು. ಅರಿಶಿನ, ಬೇವು, ಲಿಂಬೆರಸ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿವಿನಿಂದ ಸಾಯುತ್ತದಂತೆ! ವಾಟ್ಸಾಪಿನಲ್ಲಿ ಬಂದ ಮೇಲೆ ಅದು ವೇದವಾಕ್ಯ. ಇದನ್ನು ಊರಮದ್ದಿನ ಅಭಿಮಾನ ಎನ್ನುವವರಿದ್ದಾರೆ. ನಾವು ನಾಚಿಕೆ ಎನ್ನುತ್ತೇವೆ. ಸೊಂಟದ ಕೆಳಗಿನ ಮಾತನ್ನು ಡಾಕ್ಟರರ ಮುಂದೆ ಆಡಲಾರದೆ ಪಥ್ಯದ ಮರೆಯಲ್ಲಿ ಕೂತಿದ್ದೇವೆ, ಅಷ್ಟೆ.

ನಮ್ಮವರೇ ಒಬ್ಬರು, ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು, ಎಂಟು ತಿಂಗಳು ಕಷಾಯ ಕುಡಿದರು. ಬೆನ್ನುನೋವಿನಿಂದ ಕೂರಲಾರದಾದಾಗ ಪರೀಕ್ಷೆ ಮಾಡಿಸಿದರೆ, ಪ್ರಾಸ್ಟೇಟಿನ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಆ ಎಂಟು ತಿಂಗಳನ್ನು ಈಗ ಯಾರು ಮರಳಿ ಕೊಡುತ್ತಾರೆ?

ಆಹಾರದ ಸಂಶೋಧನೆಯನ್ನು ನಾವು ಹೀಗಳೆಯುತ್ತಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರು, ಆರಂಭದ ಹಂತದ 100 ರೋಗಿಗಳ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದ ಫಲ ಪ್ರಕಟಿಸಿದರು. ಒಮೇಗಾ-6 ಕೊಬ್ಬು ಕಡಿಮೆ ಮಾಡಿ ಮೀನೆಣ್ಣೆ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯ ಸೂಚ್ಯಂಕ ಶೇ. 15ರಷ್ಟು ಇಳಿಯಿತು, ಉಳಿದವರಲ್ಲಿ ಶೇ. 24ರಷ್ಟು ಏರಿತು. ಆಶಾದಾಯಕವೇ. ಆದರೆ ಗೆಡ್ಡೆಯ ದರ್ಜೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲದೆ ಅವರೆಲ್ಲರೂ ಬಯಾಪ್ಸಿ ಮಾಡಿಸಿಕೊಂಡು ವೈದ್ಯರ ಕಣ್ಗಾವಲಿನಲ್ಲಿದ್ದವರು. ಇನ್ನೊಂದೆಡೆ 478 ಮಂದಿಗೆ ತರಕಾರಿ ಹೆಚ್ಚಿಸಿ ನೋಡಿದಾಗ ರೋಗದ ಓಟ ತಗ್ಗಲಿಲ್ಲ; ಅದು 2020ರಲ್ಲಿ ಪ್ರಕಟವಾದ ವರದಿ. 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಪ್ರಯೋಗವಂತೂ ತಿರುಗುಬಾಣವಾಯಿತು: ವಿಟಮಿನ್-ಇ ಗುಳಿಗೆ ನುಂಗಿದವರಲ್ಲಿ ಈ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೆಂದು 2011ರಲ್ಲಿ ತಿಳಿದುಬಂತು. ‘ತಿಂದರೆ ನಷ್ಟವೇನು’ ಎನ್ನುವವರು ಇದನ್ನು ಎರಡು ಸಲ ಓದಲಿ.

ಈ ರೋಗವನ್ನು ನಿಜವಾಗಿ ತಡೆಹಿಡಿದದ್ದು ಗಂಡುಹಾರ್ಮೋನಿನ ಮೇಲಿನ ಹಿಡಿತ. 1941ರಲ್ಲಿ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿಕೊಟ್ಟ ಆ ದಾರಿಯಲ್ಲೇ ಇಂದಿನ ಅಬಿರಾಟೆರೋನ್ ಗುಳಿಗೆಯೂ ನಡೆಯುತ್ತಿದೆ. ಬಿಆರ್‌ಸಿಎ ಜೀನಿನಲ್ಲಿ ದೋಷವಿರುವವರಿಗೆ ಒಲಾಪರಿಬ್ ಎಂಬ ಬೇರೆಯೇ ಮದ್ದು ಬಂದಿದೆ. ಯಾರಿಗೆ ಯಾವುದು ಎಂಬುದನ್ನು ಬೇವಿನೆಲೆ ಹೇಳೀತೇ?

2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ಸಿಧು ಪಥ್ಯದ ಮಹಿಮೆ ಸಾರಿದಾಗ, ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹಾಲಿ ಮತ್ತು ಮಾಜಿ 262 ತಜ್ಞರು ಸಹಿ ಹಾಕಿ, ಇಂಥ ಮಾತು ನಂಬಿ ಚಿಕಿತ್ಸೆ ತಡಮಾಡಬೇಡಿರೆಂದು ಬೇಡಿಕೊಂಡರು. ಅದೇ ಟಾಟಾದ ಸಂಶೋಧನ ಕೇಂದ್ರವೂ ಆಸ್ಪತ್ರೆಯೂ ನಮ್ಮ ನವಿಮುಂಬಯಿಯ ಖಾರ್‌ಘರ್‌ನಲ್ಲಿವೆ, ಥಾಣೆಯಿಂದ ರೈಲಿದೆ. ರಾತ್ರಿ ಏಳುವುದೆಲ್ಲ ಕ್ಯಾನ್ಸರಲ್ಲ, ಹೆಚ್ಚಿನವರಲ್ಲಿ ವಯಸ್ಸಿಗೆ ಗ್ರಂಥಿ ದಪ್ಪವಾಗಿರುತ್ತದೆ, ಒಪ್ಪೋಣ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ವಾಟ್ಸಾಪಲ್ಲ.

ಸಂಘದ ಪದಾಧಿಕಾರಿಗಳಲ್ಲಿ ನಮ್ಮದೊಂದು ತಕರಾರಿದೆ. ಸನ್ಮಾನಕ್ಕೆ ಶಾಲು, ಹಾರ, ಎರಡು ತಾಸು ಸಿಗುತ್ತವೆ. ಮುಂದಿನ ಯಕ್ಷಗಾನಕ್ಕೆ ಮೊದಲು ಮೂತ್ರರೋಗ ತಜ್ಞರೊಬ್ಬರಿಗೆ ಅರ್ಧ ತಾಸು ಕೊಡಿ. ಹೆಂಗಸರೂ ಕೇಳಲಿ, ಗಂಡಸರನ್ನು ದವಾಖಾನೆಗೆ ಎಳೆದೊಯ್ಯಬೇಕಾದವರು ಕೊನೆಗೆ ಅವರೇ ತಾನೆ.