ದಾನದ ರಕ್ತ ಮತ್ತು ತಂದೆಯ ಜೇಬು

ನನ್ನ ಮಿತ್ರರೊಬ್ಬರ ಮಗಳಿಗೆ ಈಗ ಒಂಬತ್ತು ವರ್ಷ. ಥಲಸ್ಸೀಮಿಯ ಎಂಬ, ಹುಟ್ಟಿನಿಂದಲೇ ಬಂದ ರೋಗದ ದೆಸೆಯಿಂದ ಅವಳ ದೇಹಕ್ಕೆ ಸಾಕಷ್ಟು ಕೆಂಪು ರಕ್ತಕಣಗಳನ್ನು ಸಿದ್ಧಪಡಿಸಿಕೊಳ್ಳುವ ಶಕ್ತಿಯಿಲ್ಲ. ಮೂರು ವಾರಕ್ಕೊಮ್ಮೆ ಪರರ ರಕ್ತವನ್ನು ಅವಳಿಗೆ ಕೊಡಲೇಬೇಕು. ಕಳೆದ ಸಲ ಆಸ್ಪತ್ರೆಗೆ ನಾನೂ ಜೊತೆಯಲ್ಲಿ ಹೋಗಿದ್ದೆನು. ರಕ್ತ ಕೊಡಲಾರಂಭಿಸಿ ಒಂದು ಗಂಟೆಯಾಗಿರಬಹುದು. ಮಗು ಗಡಗಡನೆ ನಡುಗಿತು, ಮೈ ಕಾದ ಹೆಂಚಿನಂತಾಯಿತು. ವೈದ್ಯರು ರಕ್ತವನ್ನು ನಿಲ್ಲಿಸಿ ಎಲ್ಲವನ್ನೂ ಮತ್ತೆ ಪರೀಕ್ಷಿಸಿದರು. “ಗುಂಪು ಸರಿಯಾಗಿಯೇ ಇದೆ. ಇದು ಬಿಳಿಯ ಕಣಗಳ ಉಪದ್ರವ. ಮುಂದಿನ ಸಲ ಫಿಲ್ಟರನ್ನು ನೀವೇ ತಂದುಬಿಡಿ” ಎಂದರು. ಬೆಲೆಯನ್ನು ಕೇಳಿದ ಮೇಲೆ ನನ್ನ ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಆ ಮೌನವೇ ಈ ಲೇಖನಕ್ಕೆ ಕಾರಣ.

ಗುಂಪು ಹೊಂದಿದರೆ ಸಾಕು, ರಕ್ತದಿಂದ ಭಯವಿಲ್ಲ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ ಆ ಗುಂಪುಗಳ ಶೋಧವು ಅಸಂಖ್ಯಾತ ಜೀವಗಳನ್ನು ಉಳಿಸಿತು, ನಿಜ. ಆದರೆ ಅದು ಕೆಂಪು ಕಣಗಳ ಮಾತು. ಬಿಳಿಯ ಕಣಗಳು ತಮ್ಮ ಮೈಮೇಲೆ ಬೇರೆಯೇ ಗುರುತುಗಳನ್ನು ಹೊತ್ತಿರುತ್ತವೆ; ಅವು ಒಬ್ಬರಿಂದೊಬ್ಬರಿಗೆ ಹೊಂದುವುದು ಅಪರೂಪ. ತನ್ನ ಮನೆಯಲ್ಲಿ ಬಿಳಿಯ ಕಣವು ಕಾವಲುಗಾರ. ಅದೇ ಕಾವಲುಗಾರನು ರಾತ್ರಿ ನೆರೆಮನೆಯನ್ನು ಹೊಕ್ಕರೆ ಆ ಮನೆಯವರು ಕಳ್ಳನೆಂದೇ ತಿಳಿದು ಮೇಲೆ ಬೀಳುತ್ತಾರೆ. ದಾನಿಯಿಂದ ಪಡೆದ ಒಂದು ಚೀಲ ರಕ್ತದಲ್ಲಿ ಇಂಥ ಕಣಗಳು ನೂರು ಕೋಟಿಗೂ ಮೀರಿ ಇರುತ್ತವೆ. ಒಳ್ಳೆಯ ಫಿಲ್ಟರಿನ ಸೂಕ್ಷ್ಮವಾದ ಎಳೆಗಳು ಅವನ್ನು ಹಿಡಿದು ನಿಲ್ಲಿಸಿ, ಉಳಿಯುವ ಕಣಗಳನ್ನು 50 ಲಕ್ಷಕ್ಕಿಂತ ಕಡಮೆ ಮಾಡಬಲ್ಲವು.

ಜ್ವರವೊಂದೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಸೈಟೋಮೆಗಲೋ ಎಂಬ ವೈರಸ್ಸು ಬಿಳಿಯ ಕಣಗಳಲ್ಲಿ ಅಡಗಿ ಬರುತ್ತದೆ. ಮೇಲಿಂದ ಮೇಲೆ ರಕ್ತ ಪಡೆಯುವವರ ದೇಹವು ಪರಕೀಯ ಕಣಗಳ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ. ಆಮೇಲೆ ಅವರಿಗೆ ಕೊಟ್ಟ ಪ್ಲೇಟ್‌ಲೆಟ್‌ಗಳೂ ನಿಷ್ಫಲವಾಗಬಹುದು. ರಕ್ತದ ಕ್ಯಾನ್ಸರಿನ ಒಂದು ಬಗೆಯ ರೋಗಿಗಳನ್ನು ಕುರಿತು 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಪ್ರತಿಕಾಯಗಳು ಸಾಮಾನ್ಯ ರೀತಿಯಲ್ಲಿ ಪ್ಲೇಟ್‌ಲೆಟ್‌ಗಳನ್ನು ಪಡೆದವರಲ್ಲಿ ನೂರಕ್ಕೆ 45 ಮಂದಿಗೆ ಹುಟ್ಟಿದ್ದವು. ಸೋಸಿದ ಪ್ಲೇಟ್‌ಲೆಟ್‌ಗಳನ್ನು ಪಡೆದವರಲ್ಲಿ ಆ ಸಂಖ್ಯೆ 20ರ ಆಸುಪಾಸಿಗೆ ಇಳಿದಿತ್ತು.

ಹಾಸಿಗೆಯ ಬಳಿ ಸೋಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಶೀತಲಗೃಹದಲ್ಲಿ ವಾರಗಟ್ಟಲೆ ಇದ್ದ ಚೀಲದಲ್ಲಿ ಬಿಳಿಯ ಕಣಗಳು ಜ್ವರ ತರುವ ದ್ರವ್ಯಗಳನ್ನು ಆಗಲೇ ಸುರಿಸಿರುತ್ತವೆ. ಕಣ ಫಿಲ್ಟರಿನಲ್ಲಿ ನಿಂತೀತು, ದ್ರವ್ಯ ನಿಲ್ಲದು. ಆದುದರಿಂದ ಈ ಕೆಲಸ ನಡೆಯಬೇಕಾದುದು ರಕ್ತನಿಧಿಯಲ್ಲಿ, ಶೇಖರಣೆಗೆ ಮುನ್ನ.

ಬ್ರಿಟನ್ನು 1998ರಲ್ಲಿ ಹೀಗೆಂದು ನಿರ್ಧರಿಸಿ, ಮರುವರ್ಷವೇ ಎಲ್ಲ ರಕ್ತವನ್ನೂ ಸೋಸತೊಡಗಿತು. ಹುಚ್ಚು ಹಸುವಿನ ರೋಗದ ಮಾನವರೂಪವು ರಕ್ತದ ಮೂಲಕ ಹರಡೀತೆಂಬ ಭೀತಿ ಅದಕ್ಕೆ ಪ್ರೇರಣೆ. ನಮ್ಮದು ಅಷ್ಟು ಅನುಕೂಲವಿರುವ ದೇಶವಲ್ಲ. ಸೋಂಕಿನ ಪರೀಕ್ಷೆಗಳೇ ಎಲ್ಲೆಡೆ ಒಂದೇ ಮಟ್ಟದಲ್ಲಿಲ್ಲದಿರುವಾಗ ಇದು ವೈಭೋಗವಲ್ಲವೇ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಪ್ರತಿಯೊಂದು ಚೀಲವನ್ನೂ ಇಂದೇ ಸೋಸಿರೆಂದು ನಾನು ಹೇಳಲಾರೆ. ಅಪಘಾತದಲ್ಲಿ ಒಮ್ಮೆ ರಕ್ತ ಪಡೆಯುವವನು ಕಾಯಬಲ್ಲನು. ಆದರೆ ಬಾಳಿನುದ್ದಕ್ಕೂ ಪರರ ರಕ್ತದಿಂದಲೇ ಬದುಕಬೇಕಾದ ಮಕ್ಕಳು ಯಾರೆಂಬುದು ನಮಗೆ ತಿಳಿದಿದೆ. ಅವರು ಬರುವ ದಿನವೂ ತಿಳಿದಿದೆ. ಅವರಿಂದ ಆರಂಭಿಸಬಹುದಲ್ಲವೇ?

1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ, 1998ರಿಂದ ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ನಿಷಿದ್ಧವಾಯಿತು. ರಕ್ತ ಮಾರಾಟದ ವಸ್ತುವಲ್ಲವೆಂದು ನಾವು ಒಪ್ಪಿದೆವು. ಹಾಗಿರಲು, ಆ ರಕ್ತವನ್ನು ಮಗುವಿಗೆ ನಿರಪಾಯವಾಗಿಸುವ ಫಿಲ್ಟರು ಮಾತ್ರ ತಂದೆಯ ಜೇಬನ್ನು ನೋಡಿ ಬರಬೇಕೆ? ಅಕ್ಕಿಯನ್ನು ದಾನವಾಗಿ ಕೊಟ್ಟು ಕಲ್ಲನ್ನು ಆರಿಸುವುದಕ್ಕೆ ಕೂಲಿ ಕೇಳಿದಂತಾಯಿತು. ಮುಂದಿನ ವಾರ ಆ ಹುಡುಗಿಯ ಸರದಿ ಮತ್ತೆ ಬರುತ್ತದೆ.