ಹಾಜರಿ ಪುಸ್ತಕದ ಮೊದಲ ಪುಟ



ರೋಹಿಣಿ ಮಳೆ ಹನಿದು, ಮಿರಗದ ಹದಕ್ಕಾಗಿ ರೈತನು ಮುಗಿಲ ಕಡೆಗೆ ಮುಖವೆತ್ತಿ ನಿಂತಿರುವ ದಿನಗಳಲ್ಲಿಯೇ ನಮ್ಮ ಸೀಮೆಯ ಶಾಲೆಗಳ ಬಾಗಿಲೂ ತೆರೆಯುತ್ತದೆ. ಹಿಂದೆ ಜೂನ್ ಒಂದನೆಯ ತಾರೀಖು ಎಂದರೆ ಶಾಲೆಯ ತಾರೀಖು ಎಂಬ ರೂಢಿಯಿತ್ತು. ಈಚಿನ ವರ್ಷಗಳಲ್ಲಿ ಮೇ ತಿಂಗಳ ಕೊನೆಯ ವಾರದಲ್ಲಿಯೇ ಗಂಟೆ ಬಾರಿಸತೊಡಗಿದೆ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗವಲ್ಲಿ, ಬಿಸಿಯೂಟದಲ್ಲಿ ಒಂದು ಸಿಹಿ, ಹೀಗೆ ಪ್ರಾರಂಭೋತ್ಸವ ನಡೆಯುತ್ತದೆ. ಆ ಮುಂಜಾನೆ ಮಗುವಿನ ಅಳುವನ್ನು ನಾವೆಲ್ಲರೂ ಗಮನಿಸುತ್ತೇವೆ. ತಾಯಿಯ ಕಣ್ಣೀರನ್ನೂ ಗಮನಿಸುತ್ತೇವೆ. ಆದರೆ ಹೊಸ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಬಾಗಿಲ ಕಡೆಗೆ ನೋಡುತ್ತ ಕುಳಿತ ಶಿಕ್ಷಕರ ಎದೆಯಲ್ಲಿ ಏನು ನಡೆದಿದೆ ಎಂದು ಕೇಳುವವರು ವಿರಳ. ಈ ತಿಂಗಳು ಆ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಮೂವತ್ತು ವರ್ಷ ಪಾಠ ಮಾಡಿದ ಗುರುಗಳಿಗೂ ಆ ದಿನ ಅಳುಕು ತಪ್ಪದು. ಕಳೆದ ವರ್ಷ ಕಲಿಸಿದ ಮಕ್ಕಳು ಮುಂದಿನ ತರಗತಿಗೆ ಹೋಗಿರುತ್ತಾರೆ. ಅವರಿಗಾಗಿ ಪಟ್ಟ ಶ್ರಮವೆಲ್ಲ ಇನ್ನೊಂದು ಕೋಣೆಗೆ ನಡೆದುಹೋಗಿರುತ್ತದೆ. ಎದುರಿಗೆ ಹೊಸ ಮುಖಗಳು. ಸಣ್ಣ ಹಳ್ಳಿಯ ಶಾಲೆಯಾದರೆ ಒಬ್ಬಿಬ್ಬರು ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳಕೆಯೊಡೆದು ಮುಂದೆ ನಾಡಿಗೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗೂಡಿ ಕುಳಿತು, ತಮ್ಮ ತಮ್ಮ ಮೆಟ್ಟಿಲಿನಿಂದ ಕಲಿಯುತ್ತಾರೆ. ಇಷ್ಟು ಮಕ್ಕಳಲ್ಲಿ ಯಾರು ಯಾವ ಮೆಟ್ಟಿಲಲ್ಲಿದ್ದಾರೆ, ಯಾರು ಹಸಿದು ಬಂದಿದ್ದಾರೆ, ಯಾರು ಮನೆಯಲ್ಲಿ ಬೇರೆ ಭಾಷೆಯಾಡುತ್ತಾರೆ ಎಂಬುದನ್ನು ಶಿಕ್ಷಕರು ಮೊದಲ ದಿನದಿಂದಲೇ ಅರಿಯತೊಡಗಬೇಕು. ಆ ದಿನ ಬಾಯಿಂದ ಹೊರಟ ಮೊದಲ ಮಾತು ಒಂದು ಮಗುವನ್ನು ಶಾಲೆಯಲ್ಲಿ ನಿಲ್ಲಿಸಬಹುದು. ಇಲ್ಲವೆ ದೂರ ಮಾಡಬಹುದು. ಶಿಕ್ಷಕರ ಅಳುಕಿಗೆ ಕಾರಣ ಇದೇ ಆಗಿದೆ, ಮತ್ತು ಅದು ಯೋಗ್ಯವಾದ ಅಳುಕು.

ಇಂಥ ಹೊತ್ತಿನಲ್ಲಿ ಧೈರ್ಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಮ್ಮ ಹಾವೇರಿ ಜಿಲ್ಲೆಯ ಈ ನೆರೆಹೊರೆಯ ತಾಲೂಕುಗಳ ಮಣ್ಣಿನಲ್ಲಿಯೇ ಗುರು–ಶಿಷ್ಯರ ಕಥೆಗಳು ಹುದುಗಿಕೊಂಡಿವೆ.

ಹಾನಗಲ್ಲಿನ ವಿರಕ್ತಮಠದ ಕುಮಾರ ಮಹಾಸ್ವಾಮಿಗಳನ್ನು (1867–1930) ಅರಿಯದ ಶರಣ ಮನೆತನವಿಲ್ಲ. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಕಟ್ಟಿದ ಆ ಪುಣ್ಯಪುರುಷರು ಮಠದ ಹೊಣೆ ಹೊರುವ ಮುನ್ನ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದವರೆಂಬುದನ್ನು ಮಾತ್ರ ನಾವು ಹೆಚ್ಚು ನೆನೆಯುವುದಿಲ್ಲ. ಅವರ ಬಾಳಿನ ಒಂದು ಸಂಗತಿಯು ಎಲ್ಲ ಶಿಕ್ಷಕರಿಗೂ ಪಾಠವಾಗಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಕೂಸು ಹುಟ್ಟಿತು. ಅದಕ್ಕೆ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಅಣ್ಣನಿಗೂ ಕಣ್ಣು ಕಾಣಿಸುತ್ತಿರಲಿಲ್ಲ. ಆ ಕಾಲದಲ್ಲಿ ಬಡ ಮನೆಯ ಇಬ್ಬರು ಕುರುಡು ಮಕ್ಕಳ ಭವಿಷ್ಯವೆಂದರೆ ಊರವರ ಕನಿಕರವನ್ನು ಬಿಟ್ಟು ಬೇರೇನಿತ್ತು? ಕುಮಾರಸ್ವಾಮಿಗಳು ಆ ಮಕ್ಕಳ ದನಿಯನ್ನು ಕೇಳಿದರು. ಇಲ್ಲದ ಕಣ್ಣನ್ನು ಎಣಿಸದೆ ಇದ್ದ ಕಂಠವನ್ನು ಗುರುತಿಸಿ, ಅವರಿಗೆ ಸಂಗೀತ ವಿದ್ಯೆಯ ಏರ್ಪಾಡು ಮಾಡಿದರು. ಆ ಗದಿಗೆಯ್ಯನೇ ಮುಂದೆ ಹಿಂದುಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಹಾನಗಲ್ಲ ತಾಲೂಕಿನಲ್ಲಿ 1914ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಇನ್ನೊಬ್ಬ ಬಾಲಕ ಪಂಚಾಕ್ಷರಿ ಗವಾಯಿಗಳ ಆಶ್ರಯಕ್ಕೆ ಬಂದನು. ಅವರೇ ಪುಟ್ಟರಾಜ ಗವಾಯಿಗಳು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ಅಂಧ ಮಕ್ಕಳಿಗೂ ಅನಾಥ ಮಕ್ಕಳಿಗೂ ಅನ್ನ, ಅರಿವು, ನಾದ ಮೂರನ್ನೂ ಉಣಿಸಿದರು; ಆ ವರ್ಷವೇ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ಕಣ್ಣಿಲ್ಲದ ಈ ಗುರುಗಳ ಮುಂದೆ ಹೊಸದಾಗಿ ಬಂದು ನಿಂತ ಶಿಷ್ಯನನ್ನು ಊಹಿಸಿಕೊಳ್ಳಿರಿ. ಅವನ ಅಂಗಿಯ ಹರುಕು ಗುರುವಿಗೆ ಕಾಣಲಿಲ್ಲ, ಮೈಬಣ್ಣ ಕಾಣಲಿಲ್ಲ, ಅವನ ತಂದೆ ಯಾವ ವಾಹನದಲ್ಲಿ ಬಂದಿಳಿದನೆಂಬುದೂ ಕಾಣಲಿಲ್ಲ. ಕೇಳಿಸಿದ್ದು ದನಿಯೊಂದೇ. ಕಣ್ಣುಳ್ಳ ನಮ್ಮ ಶಿಕ್ಷಕರು ಮೊದಲ ದಿನದ ಮಟ್ಟಿಗಾದರೂ ಹೀಗೆ ನೋಡುವುದನ್ನು ಬಿಟ್ಟು ಆಲಿಸುವುದನ್ನು ಅಭ್ಯಾಸ ಮಾಡಿದರೆ ಎಷ್ಟೋ ಮಕ್ಕಳ ಹಣೆಬರಹ ಬದಲಾದೀತು ಎಂಬುದು ನಮ್ಮ ನಂಬುಗೆ.

ಶಿಗ್ಗಾಂವಿ ತಾಲೂಕಿನ ಶಿಶುನಾಳವೆಂದೊಡನೆ ಶರೀಫ ಸಾಹೇಬರ (1819–1889) ತತ್ವಪದಗಳು ನಾಲಗೆಗೆ ಬರುತ್ತವೆ. ಏಕತಾರಿ ಹಿಡಿಯುವ ಮುನ್ನ ಅವರು ಮುಲ್ಕಿ ಪರೀಕ್ಷೆ ಮುಗಿಸಿ, ಸುತ್ತಲಿನ ಹಳ್ಳಿಗಳಲ್ಲಿ ಕೆಲವು ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಆ ಹುಡುಗನನ್ನು ಕಳಸದ ಗೋವಿಂದಭಟ್ಟರು ಶಿಷ್ಯನೆಂದು ಒಪ್ಪಿಕೊಂಡಾಗ ಎರಡೂ ಕಡೆಯ ಜನ ಮುನಿದರಂತೆ. ಗುರುವೂ ಹಿಂಜರಿಯಲಿಲ್ಲ, ಶಿಷ್ಯನೂ ಬಿಡಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಇನ್ನೂ ಏನೇನೋ ಅಂಕಣಗಳಿರುತ್ತವೆ. ಸರಕಾರದ ಲೆಕ್ಕಕ್ಕೆ ಅವು ಬೇಕಾಗಬಹುದು. ಆದರೆ ಹೆಸರು ಕೂಗುವ ಗುರುವಿನ ದನಿಯಲ್ಲಿ ಆ ಅಂಕಣಗಳ ನೆರಳು ಬೀಳಬಾರದು. ಇದು ಬಸವಾದಿ ಪ್ರಮಥರ ಧರ್ಮವನ್ನು ನಂಬಿದ ನಮಗೆ ಹೊಸ ಮಾತಲ್ಲ. ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗನೂ ಮಡಿವಾಳನೂ ಸೂಳೆಯ ಕಾಯಕ ಬಿಟ್ಟು ಬಂದವಳೂ ಒಂದೇ ಹಾಸಿನ ಮೇಲೆ ಕುಳಿತರೆಂದು ಹೆಮ್ಮೆಯಿಂದ ಹೇಳುವ ನಾವು, ನಮ್ಮೂರಿನ ಶಾಲೆಯ ಹಾಸಿನ ಮೇಲೆ ಯಾರ ಪಕ್ಕ ಯಾರು ಕುಳಿತರೆಂದು ಮನೆಯಲ್ಲಿ ವಿಚಾರಿಸಬಹುದೆ?

ಸವಣೂರಿನಲ್ಲಿ 1909ರಲ್ಲಿ ಹುಟ್ಟಿ, ಅಲ್ಲಿಯೇ ಅಕ್ಷರ ಕಲಿತ ವಿನಾಯಕ ಕೃಷ್ಣ ಗೋಕಾಕರು ಕಾಲೇಜು ಅಧ್ಯಾಪಕರಾಗಿ ಬೆಳೆದು, 1990ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದುದು ನಾಡಿಗೆ ತಿಳಿದ ಸಂಗತಿ. ಅದೇ ಊರಿನ ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಬಹು ಪುರಾತನವಾದ ಮೂರು ಮಹಾವೃಕ್ಷಗಳಿವೆ. 2023ರ ಜುಲೈ ತಿಂಗಳ ಮಳೆಯಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿತು. ಮುದಿ ಮರವೆಂದು ಅದನ್ನು ಕಡಿದು ಸೌದೆ ಮಾಡಲಿಲ್ಲ. ಮಠದ ಭಕ್ತರು, ಅಧಿಕಾರಿಗಳು, ಬಲ್ಲವರು ಕೂಡಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅದು ಚಿಗುರಿತು.

ಉರುಳಿದ ಮಕ್ಕಳೂ ನಮ್ಮ ಶಾಲೆಗಳಲ್ಲಿದ್ದಾರೆ. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ ಮುಚ್ಚಿದ ನಮ್ಮ ರಾಜ್ಯದ ಕಿರಿಯ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಮಗು ತರಗತಿಯ ಕೋಣೆಯಲ್ಲಿ ಮೊದಲು ಕುಳಿತಾಗ ಎರಡನೆಯ ಇಯತ್ತೆಯಲ್ಲಿತ್ತು. ಆ ಮಗುವಿಗೆ ಶಾಲೆಯ ಮೊದಲ ದಿನವೆಂಬುದೇ ಇರಲಿಲ್ಲ. ಆ ಮಕ್ಕಳು ಹತ್ತನೆಯ ತರಗತಿಯನ್ನು ಮುಟ್ಟುವುದು 2029–30ರಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷವೂ ಒಬ್ಬ ಶಿಕ್ಷಕರ ಮುಂದೆ ಅವರು ಹೊಸದಾಗಿ ಬಂದು ಕುಳಿತುಕೊಳ್ಳುತ್ತಾರೆ. “ಇಷ್ಟು ದೊಡ್ಡವನಾಗಿ ಇದೂ ಬರುವುದಿಲ್ಲವೆ?” ಎಂಬ ಒಂದು ಮಾತು ಸಾಕು, ಮರ ಸೌದೆಯಾಗಲು. ಎತ್ತಿ ನಿಲ್ಲಿಸಲು ಬಹಳ ಕೈ, ಬಹಳ ತಾಳ್ಮೆ ಬೇಕು. ಆದರೆ ಬೇರು ಸತ್ತಿಲ್ಲವೆಂಬುದನ್ನು ಮರೆಯಬಾರದು.

ಹಿರೇಕೆರೂರು ಸೀಮೆಯ ಅಬಲೂರು ಮತ್ತು ನೆರೆಯ ಮಾಸೂರು ಸರ್ವಜ್ಞ ಕವಿಯ ನೆನಪನ್ನು ಉಳಿಸಿಕೊಂಡ ಊರುಗಳು. ತಿರುಗಾಡುತ್ತ, ಕಂಡವರೆಲ್ಲರಿಂದ ಕಲಿತು ಆತ ದೊಡ್ಡವನಾದನೆಂಬುದು ನಾಡಿನ ಗ್ರಹಿಕೆ. ಕಲಿಸುವವರಿಗೆ ಕಲಿಯುವ ಈ ವಿನಯ ಹೆಚ್ಚು ಬೇಕು. ಪೇಟೆಯಿಂದ ವರ್ಗವಾಗಿ ಹಳ್ಳಿಗೆ ಬಂದ ತರುಣ ಶಿಕ್ಷಕಿಗೆ ಗೋವಿನಜೋಳದ ಸಾಲಿನ ಅಂತರ ಗೊತ್ತಿರದು. ವೀಳ್ಯದೆಲೆಯ ತೋಟಕ್ಕೆ ನೀರು ಹಾಯಿಸುವ ಸರದಿ ಗೊತ್ತಿರದು. ಎದುರಿಗೆ ಕುಳಿತ ಹತ್ತು ವರ್ಷದ ಹುಡುಗಿಗೆ ಗೊತ್ತಿರುತ್ತದೆ. ತಾಂಡಾದಿಂದ ಬಂದ ಮಗುವಿಗೆ ಲಂಬಾಣಿ ಮಾತಿನಲ್ಲಿ ಹಕ್ಕಿಗಳ ಹೆಸರು ಬರುತ್ತವೆ. ಮೊದಲ ದಿನ ಮಕ್ಕಳಿಂದ ಒಂದು ಸಂಗತಿಯನ್ನು ಕೇಳಿ ಕಲಿತ ಗುರುವಿಗೆ ಎರಡನೆಯ ದಿನ ಕಲಿಸುವುದು ಹಗುರವಾಗುತ್ತದೆ, ಏಕೆಂದರೆ ತನಗೂ ಏನೋ ಬರುತ್ತದೆಂಬ ಭರವಸೆಯಿಂದ ಆ ಮಗು ಮರಳಿ ಬಂದಿರುತ್ತದೆ.

ಇನ್ನು ಮನೆಯವರ ಕರ್ತವ್ಯದ ಮಾತು. ಶಿಕ್ಷಕರಿಗೆ ಬುದ್ಧಿ ಹೇಳುವುದು ಸುಲಭ. ನಮ್ಮ ಮನೆಗಳನ್ನು ತಿದ್ದಿಕೊಳ್ಳುವುದು ಕಷ್ಟ.

ಊಟ ಮಾಡದ ಮಗುವಿಗೆ “ಮಾಸ್ತರರಿಗೆ ಹೇಳುತ್ತೇನೆ”, “ಅಕ್ಕೋರು ಬಡಿಯುತ್ತಾರೆ ನೋಡು” ಎಂದು ಬೆದರಿಸುವುದನ್ನು ಇಂದೇ ಬಿಡೋಣ. ಗುರುವನ್ನು ಗುಮ್ಮನನ್ನಾಗಿ ಮಾಡಿ ಕಳುಹಿಸಿದ ಮೇಲೆ ಆ ಮಗು ಅಳದೆ ಇನ್ನೇನು ಮಾಡೀತು? 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ದಂಡನೆಯನ್ನು ನಿಷೇಧಿಸಿದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದೂ ಅದು ಹೇಳುತ್ತದೆ. ದುಡಿಯಲು ಹೊರ ಊರಿಗೆ ಹೋಗಿ ತಡವಾಗಿ ಮರಳಿದ ಕುಟುಂಬ ನಿಮ್ಮ ಓಣಿಯಲ್ಲಿದ್ದರೆ ಈ ಮಾತನ್ನು ಅವರಿಗೆ ತಿಳಿಸಿರಿ.

ಬಿತ್ತನೆಯ ಕೆಲಸ, ಕಾರಹುಣ್ಣಿಮೆ, ಮದುವೆಯ ಓಡಾಟ ಎಂದು ಮೊದಲ ವಾರಗಳಲ್ಲಿ ಮಕ್ಕಳನ್ನು, ಅದರಲ್ಲಿಯೂ ತಮ್ಮ–ತಂಗಿಯರನ್ನು ನೋಡಿಕೊಳ್ಳಲೆಂದು ಹೆಣ್ಣುಮಕ್ಕಳನ್ನು, ಮನೆಯಲ್ಲಿ ನಿಲ್ಲಿಸಿಕೊಳ್ಳಬಾರದು. ಹೊಲಕ್ಕೆ ಹದ ತಪ್ಪಿದರೆ ಬೆಳೆ ಬಾರದೆಂದು ಬಲ್ಲವರು ನಾವು. ಅಕ್ಷರಕ್ಕೂ ಒಂದು ಹದವಿದೆ. ಹಾಜರಿ ಪುಸ್ತಕದಿಂದ ಹೆಸರು ಒಮ್ಮೆಗೇ ಅಳಿಯುವುದಿಲ್ಲ. ಮೊದಲು ಒಂದು ವಾರದ ಗೈರುಹಾಜರಿ, ಆಮೇಲೆ ಪಾಠ ತಿಳಿಯದ ನಾಚಿಕೆ, ಆಮೇಲೆ ಹೊಟ್ಟೆನೋವಿನ ನೆಪ, ಕೊನೆಗೆ ಶಾಲೆಯ ದಾರಿಯೇ ಮರೆಯುತ್ತದೆ. ಅದರ ಮೊದಲ ಎಳೆ ಬಿಚ್ಚಿಕೊಳ್ಳುವುದು ಈ ದಿನಗಳಲ್ಲಿಯೇ.

ಶಾಲಾಭಿವೃದ್ಧಿ ಸಮಿತಿಯು ಚುನಾವಣೆಯ ಹಗೆ ತೀರಿಸುವ ಕಣವಾಗದಿರಲಿ. ನಮ್ಮ ಮಕ್ಕಳು ಪಟ್ಟಣದ ಬೇರೆ ಶಾಲೆಗೆ ಬಸ್ಸು ಹತ್ತಿ ಹೋಗುತ್ತಿರಬಹುದು. ಆದರೂ ಊರಿನ ಕನ್ನಡ ಶಾಲೆ ನಮ್ಮದೇ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರಂಥ ಹಿರಿಯರು, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಗೆ ಅಡಿಗಲ್ಲಿಟ್ಟ ಸಪ್ತರ್ಷಿಗಳು ಪರರ ಮಕ್ಕಳಿಗಾಗಿ ಬೆವರಿಳಿಸಿದ್ದರಿಂದಲೇ ನಮ್ಮ ಮನೆತನಗಳಲ್ಲಿ ಅಕ್ಷರದ ದೀಪ ಹೊತ್ತಿದೆ. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದ ಬಿಸಿಯೂಟದ ಯೋಜನೆಗೆ ಸರಕಾರವು “ಅಕ್ಷರ ದಾಸೋಹ” ಎಂಬ ಹೆಸರಿಟ್ಟಿದೆ. ಆ ಪದ ಶರಣರ ಮನೆಯದು. ಪದವನ್ನು ಕೊಟ್ಟವರು ಅದರ ನಡೆಯನ್ನೂ ತೋರಿಸಬೇಡವೆ? ಒಂದು ದಿನದ ಸಿಹಿಗೆ ಬೆಲ್ಲ, ಒಂದು ಮಗುವಿಗೆ ಪಾಟಿಚೀಲ, ಸೋರುವ ಕೋಣೆಗೆ ನಾಲ್ಕು ಹಂಚು. ಇವು ಯಾರ ಅಪ್ಪಣೆಗೂ ಕಾಯಬೇಕಾದ ಸೇವೆಗಳಲ್ಲ.

ಕೊನೆಯದಾಗಿ, ಶಿಕ್ಷಕ ಬಂಧುಗಳಲ್ಲಿ ಒಂದು ಅರಿಕೆ. ವರದಿ, ತರಬೇತಿ, ಗಣತಿ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಇವೆಲ್ಲವುಗಳ ನಡುವೆ ನೀವು ದಣಿದಿದ್ದೀರಿ ಎಂಬುದನ್ನು ಸಮಾಜ ಬಲ್ಲದು. ಬಲ್ಲದೆಂದು ಬಾಯಿಬಿಟ್ಟು ಹೇಳುವುದು ಕಡಿಮೆ. ನಿಮ್ಮದು ಕಾಯಕ. ಕಾಯಕಕ್ಕೆ ಸಂಬಳವಿದ್ದರೂ ಅದು ಸಂಬಳಕ್ಕೆ ಮುಗಿಯುವಂಥದಲ್ಲ. ಮೊದಲ ದಿನ ಪಾಠವಾಗದಿದ್ದರೂ ಚಿಂತೆಯಿಲ್ಲ. ಪ್ರತಿಯೊಂದು ಮಗುವಿನ ಹೆಸರನ್ನು ಅದರ ತಾಯಿ ಕರೆಯುವಂತೆ ಒಮ್ಮೆ ಕರೆಯಿರಿ. ಬಾರದೆ ಉಳಿದ ಹೆಸರಿನ ಮುಂದೆ ಗೆರೆ ಎಳೆಯುವ ಮೊದಲು ಆ ಮನೆಯ ಬಾಗಿಲವರೆಗೆ ಒಮ್ಮೆ ನಡೆದು ನೋಡಿರಿ. ಓದುಗ ಬಂಧುಗಳು ಆ ದಾರಿಯಲ್ಲಿ ನಿಮ್ಮ ಜೊತೆಗೂಡಲಿ. ಗುರು ಬಸವಣ್ಣನವರು ಎಲ್ಲ ಮಕ್ಕಳಿಗೂ ಅರಿವಿನ ಬೆಳಕನ್ನು ಕರುಣಿಸಲಿ.