ಓದ್ತಾ ಕೂತ್ರೆ ಲಾಗೌಟ್! (ಲೈಬ್ರರಿ ಸರಣಿ, ಭಾಗ 3)

"ಈಗಿನ ಹುಡುಗ್ರು ಲೈಬ್ರರಿ ಕಡೆ ತಲೆ ಹಾಕಲ್ಲ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ತಲೆ ಹಾಕ್ತೀವಿ ಸ್ವಾಮಿ, ಅದೇ ನಮ್ಮನ್ನ ಹೊರಗೆ ತಳ್ಳುತ್ತೆ.

ಆನ್‌ಲೈನ್ ಕ್ಯಾಟಲಾಗ್ ಬಳಸಿದವರಿಗೆ ಗೊತ್ತಿರುತ್ತೆ. ಕಾಸ್ಟ್ ಅಕೌಂಟಿಂಗ್ ಅಂತ ಹುಡುಕ್ತೀವಿ. ಮೂರನೇ ಪುಟದಲ್ಲಿ ಬೇಕಾದ ಪುಸ್ತಕ, ಪಕ್ಕದಲ್ಲೇ ಇ-ಬುಕ್ ಲಿಂಕ್. ಒತ್ತಿದ್ರೆ ಅದೇ ಟ್ಯಾಬಲ್ಲಿ ಬೇರೆ ಸೈಟ್ ತೆರೆದುಕೊಳ್ಳುತ್ತೆ. ಒಂದು ಅಧ್ಯಾಯ ಓದಿ, ನೋಟ್ಸ್ ಮಾಡ್ಕೊಂಡು ಬ್ಯಾಕ್ ಬಂದ್ರೆ "ಸೆಷನ್ ಎಕ್ಸ್‌ಪೈರ್ಡ್". ಹುಡುಕಿದ್ದು ಹೋಯ್ತು, ಆರಿಸಿಟ್ಟ ಪಟ್ಟಿನೂ ಹೋಯ್ತು.

ಯಾಕೆ ಗೊತ್ತಾ? ನಾವು ಕ್ಲಿಕ್ ಮಾಡಿದಾಗ ಮಾತ್ರ ಕ್ಯಾಟಲಾಗ್ ಸರ್ವರ್‌ಗೆ ನಾವಿದ್ದೀವಿ ಅಂತ ತಿಳಿಯೋದು. ಬೇರೆ ಸೈಟಲ್ಲಿ ಓದ್ತಾ ಇದ್ರೆ ಅದರ ಲೆಕ್ಕದಲ್ಲಿ ನಾವು ಎದ್ದು ಹೋಗಿದ್ದೀವಿ. ಅಂದ್ರೆ ಲೈಬ್ರರಿಯ ಯಂತ್ರಕ್ಕೆ ಓದೋದು ಅಂದ್ರೆ ಸುಮ್ನೆ ಕೂರೋದು!

ಕೇಳಿದ್ರೆ "ಸೆಕ್ಯೂರಿಟಿ" ಅಂತಾರೆ. ಅರ್ಧ ಒಪ್ತೀನಿ. ಲೈಬ್ರರಿಯಲ್ಲಿ ಎಲ್ಲರೂ ಬಳಸೋ ಕಂಪ್ಯೂಟರಲ್ಲಿ ನೀವು ಲಾಗೌಟ್ ಮರೆತು ಎದ್ರೆ, ಮುಂದೆ ಬಂದವರು ನಿಮ್ಮ ಹೆಸರಲ್ಲಿ ಪುಸ್ತಕ ರಿಸರ್ವ್ ಮಾಡ್ಬಹುದು. ಅಲ್ಲಿ ಬೇಗ ಲಾಗೌಟ್ ಆಗ್ಲೇಬೇಕು. ಆದ್ರೆ ನನ್ನ ಸ್ವಂತ ಫೋನಲ್ಲಿ, ಹಾಸ್ಟೆಲ್ ರೂಮಲ್ಲಿ, ಯಾರಿಂದ ರಕ್ಷಣೆ? ಇಷ್ಟಕ್ಕೂ ಖಾತೆಗೆ ಬೀಗ ಹಾಕೋದು ಬೇರೆ, ಹುಡುಕಿದ್ದನ್ನ ಅಳಿಸೋದು ಬೇರೆ. ಬ್ಯಾಂಕ್ ಕೌಂಟರ್ ಮುಚ್ಚಿದ್ರೆ ನಾವು ತುಂಬಿದ ಚಲನ್ ಯಾರಾದ್ರೂ ಹರಿದು ಹಾಕ್ತಾರಾ?

ತಂತ್ರಜ್ಞಾನ ಇಲ್ಲ ಅನ್ನೋ ಹಾಗೂ ಇಲ್ಲ. ಕೋಹಾ ಅಂತ ಒಂದು ಲೈಬ್ರರಿ ಸಾಫ್ಟ್‌ವೇರ್ ಇದೆ. ನ್ಯೂಜಿಲೆಂಡಿನ ಒಂದು ಲೈಬ್ರರಿಯಲ್ಲಿ 2000ದಲ್ಲಿ ಶುರುವಾದದ್ದು, ಪೂರ್ತಿ ಉಚಿತ. ಹೆಸರಿಗೆ ಮಾವೊರಿ ಭಾಷೆಯಲ್ಲಿ ಉಡುಗೊರೆ ಅಂತ ಅರ್ಥ. ಅದರಲ್ಲಿ ಟೈಮೌಟ್ ಎಷ್ಟಿರಬೇಕು ಅನ್ನೋದಕ್ಕೆ ಒಂದು ಸೆಟ್ಟಿಂಗ್, ಹೊರಗಿನ ಲಿಂಕ್ ಹೊಸ ವಿಂಡೋದಲ್ಲಿ ತೆರೀಬೇಕಾ ಅನ್ನೋದಕ್ಕೆ ಇನ್ನೊಂದು. ಪ್ರೋಗ್ರಾಮರ್ ಬೇಕಿಲ್ಲ, ಬದಲಾಯಿಸೋ ಮನಸ್ಸಿದ್ರೆ ಸಾಕು. (ಹೊಸ ಟ್ಯಾಬ್ ತೆರೆಯೋದಾದ್ರೆ ಲಿಂಕ್ ಪಕ್ಕ ಹಾಗಂತ ಬರೀಬೇಕು. ಸ್ಕ್ರೀನ್ ರೀಡರ್ ಬಳಸೋ ಗೆಳೆಯರಿಗೆ ದಿಢೀರನೆ ಟ್ಯಾಬ್ ಬದಲಾದ್ರೆ ದಾರಿ ತಪ್ಪುತ್ತೆ.)

ವೆಬ್‌ಸೈಟುಗಳು ಎಲ್ಲರ ಕೈಗೆಟುಕಬೇಕು ಅಂತ 2008ರಲ್ಲೇ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಇದಕ್ಕೆ ದಾರಿ ಹೇಳಿದೆ: ಸಮಯ ಮುಗಿಯೋ ಮುಂಚೆ ಎಚ್ಚರಿಸಿ, ಕನಿಷ್ಠ 20 ಸೆಕೆಂಡ್ ಕೊಡಿ, ಒಂದು ಒತ್ತಿನಲ್ಲಿ ಮುಂದುವರಿಸೋಕೆ ಬಿಡಿ. ನಮಗೆ ಸಿಗೋದು ಎಚ್ಚರಿಕೆ ಅಲ್ಲ, ಶವಪರೀಕ್ಷೆ ವರದಿ.

ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದ್ದೇ ಓದುಗರ ಸಮಯ ಉಳಿಸೋದು. ಅವರು 1962ರಲ್ಲಿ ಇದೇ ಬೆಂಗಳೂರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದವರು. ಆಗಸ್ಟ್ 12ಕ್ಕೆ ಅವರ ಫೋಟೋಗೆ ಹಾರ ಹಾಕೋರು ಒಂದ್ಸಲ ತಮ್ಮ ಕ್ಯಾಟಲಾಗ್‌ನಲ್ಲಿ ಒಂದು ಪುಸ್ತಕ ಹುಡುಕಿ ನೋಡ್ಲಿ.

ಎರಡು ಸಲ ಹೀಗಾದ್ರೆ ಮೂರನೇ ಸಲ ಎಲ್ರೂ ಟೆಲಿಗ್ರಾಂ ಗ್ರೂಪಲ್ಲಿ ಕದ್ದ ಪಿಡಿಎಫ್ ಹುಡುಕ್ತಾರೆ. ಆಮೇಲೆ ನಮಗೇ ನೀತಿಪಾಠ.

ಲೈಬ್ರರಿಯನ್ ಮೇಡಂ ಮೇಲೆ ಕೂಗಾಡ್ಬೇಡಿ, ದಯವಿಟ್ಟು. ಎಷ್ಟೋ ಕಡೆ ಸೆಟ್ಟಿಂಗ್ ಅವರ ಕೈಲೇ ಇರಲ್ಲ. ಪ್ರಿನ್ಸಿಪಾಲರಿಗೆ ಅರ್ಜಿ ಬರೆದಿದ್ದೀನಿ, ಕೇಳಿರೋದು ಮೂರೇ: ಲಾಗೌಟ್‌ಗೆ ಮುಂಚೆ ಎಚ್ಚರಿಕೆ, ಲಾಗೌಟ್ ಆದ್ರೂ ಹುಡುಕಿದ್ದು ಉಳೀಬೇಕು, ಹೊರಗಿನ ಲಿಂಕ್‌ಗೆ ಬೇರೆ ಟ್ಯಾಬ್. ಸೋಮವಾರ ಮಧ್ಯಾಹ್ನ ಊಟದ ಬ್ರೇಕಲ್ಲಿ ಕಾಮರ್ಸ್ ಬ್ಲಾಕ್ ಮೆಟ್ಟಿಲ ಹತ್ರ ಇರ್ತೀನಿ. ಪೆನ್ನು ನೀವೇ ತನ್ನಿ.